ಕಕ್ಕಿಂಜೆ ದಾರಿಯ ಸೇತುವೆಗಳು

ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗುವಾಗ ಸಿಗುವ ಕಕ್ಕಿಂಜೆ ಇಂದಿನ ರಾಷ್ಟ್ರೀಯ ಹೆದ್ದಾರಿ 73ರ ಮೇಲಿದೆ. ಹಿಂದೆ ಇದು ಹೆದ್ದಾರಿ 234 ಆಗಿತ್ತು. 2019ರ ಆಗಸ್ಟ್‌ನಲ್ಲಿ ಘಟ್ಟ ಕುಸಿದಾಗ ಇಲ್ಲಿನ ಮೃತ್ಯುಂಜಯ ಹೊಳೆ ಕೆಂಪು ನೀರಿನೊಂದಿಗೆ ಮರಗಳನ್ನೂ ಹೊತ್ತು ತಂದಿತು. ಸೇತುವೆಯ ಕಂಬಗಳ ನಡುವೆ ದಿಮ್ಮಿ ಸಿಲುಕಿದರೆ ನೀರು ಅಡ್ಡದಾರಿ ಹಿಡಿದು ದಂಡೆಯನ್ನು ಕೊರೆಯುತ್ತದೆ. ಕಂಬದ ಬುಡದ ಮರಳನ್ನು ಸುಳಿ ಎತ್ತಿಕೊಂಡು ಹೋಗುವುದು ಅದಕ್ಕಿಂತಲೂ ಅಪಾಯಕಾರಿ. ನೆರೆ ಇಳಿಯುವಾಗ ಆ ಗುಂಡಿಗೆ ಸಡಿಲ ಮರಳು ತುಂಬಿ ಗಾಯ ಮುಚ್ಚಿಹೋಗುತ್ತದೆ. ಬುಡದ ಮರಳು ಮನುಷ್ಯರಿಂದಲೂ ಹೋಗಬಹುದು: ಬಂಟ್ವಾಳ ತಾಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ 2018ರ ಜೂನ್ 25ರಂದು ಕುಸಿದಾಗ ಜನ ಮರಳುಗಾರಿಕೆಯತ್ತ ಬೆರಳು ತೋರಿದರು. ಸಂಶೋಧನೆ ಮೊದಲು ಇಳಿಯಬೇಕಾದ್ದು ಕಂಬಗಳ ಈ ಬುಡಕ್ಕೇ: ಮಳೆಗಾಲದ ಮುಂಚೆಯೂ ನಂತರವೂ ಹೊಳೆಯ ತಳ ಅಳೆದು ದಾಖಲಿಸಬೇಕು, ಹೊಸ ಸೇತುವೆಗಳಿಗೆ ದಿಮ್ಮಿ ಸರಾಗವಾಗಿ ದಾಟುವಷ್ಟು ಅಗಲದ ಅಂಕಣ ಬೇಕು.