ಬೆರಳುಗಳ ಭವಿಷ್ಯ

ಋಷಿಕೊಂಡದ ಕಡಲತಡಿಯವರಿಗೆ ಮುನ್ಸೂಚನೆಯ ಬೆಲೆ ಗೊತ್ತು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸುವ ಮೊದಲೇ ತೀರದ ಜನರನ್ನು ದೊಡ್ಡ ಸಂಖ್ಯೆಯಲ್ಲಿ ಸ್ಥಳಾಂತರಿಸಲಾಗಿತ್ತು. ನಮ್ಮ ದೇಹದೊಳಗೂ ಇಂಥದೇ ಮುನ್ಸೂಚನೆಯನ್ನು ಬೇಡುವ ಕಾಯಿಲೆಯೊಂದಿದೆ: ರುಮಟಾಯ್ಡ್ ಸಂಧಿವಾತ. ಬೆಳಗಿನ ಬಿಗಿತ, ಬೆರಳ ಗೆಣ್ಣುಗಳ ಊತ ಕಂಡಾಗ 'ವಾಯು' ಎಂದು ಎಣ್ಣೆ ಹಚ್ಚಿ ಸುಮ್ಮನಿರುವುದು ನಮ್ಮ ಮನೆಗಳ ವಾಡಿಕೆ. ಆದರೆ ಸವೆದ ಕೀಲು ಮತ್ತೆ ಮೊದಲಿನಂತಾಗದು. ಯಾರ ಕೀಲು ಎಷ್ಟು ಬೇಗ ಕೆಡುತ್ತದೆಂದು ಮೊದಲೇ ತಿಳಿಯುವುದು ಹೇಗೆ?

ಪ್ರಶ್ನೆ ಹಳೆಯದು. 'ಮಾಧವನಿದಾನ'ವು ಆಮವಾತವನ್ನು ವಿವರಿಸುತ್ತ, ಒಂದು ದೋಷದಿಂದಾದುದು ಸಾಧ್ಯ, ಎರಡರಿಂದಾದುದು ಯಾಪ್ಯ, ಮೂರೂ ಕೆರಳಿ ಊತ ಮೈಯೆಲ್ಲ ಹರಡಿದರೆ ಕಷ್ಟಸಾಧ್ಯ ಎಂದು ವಿಂಗಡಿಸಿತು. ಆಮವಾತವೂ ಇಂದಿನ ಈ ಕಾಯಿಲೆಯೂ ಒಂದೇ ಎನ್ನಲಾಗದು. ಆದರೂ ರೋಗದ ಮುಂದಿನ ನಡೆಯನ್ನು ಅಳೆಯುವ ಹಂಬಲ ಅಲ್ಲಿ ಸ್ಪಷ್ಟವಾಗಿದೆ. ಯುರೋಪಿನಲ್ಲಿ 1800ರಲ್ಲಿ ಲಾಂದ್ರೆ-ಬೋವೆ ಇದನ್ನು ಗೌಟ್‌ನ ಒಂದು ಬಗೆಯೆಂದು ವರ್ಣಿಸಿದ. 1859ರಲ್ಲಿ ಆಲ್‌ಫ್ರೆಡ್ ಗ್ಯಾರಡ್ ಗೌಟ್‌ನಿಂದ ಬೇರ್ಪಡಿಸಿ ಈಗಿನ ಹೆಸರನ್ನಿತ್ತ.

1895ರಲ್ಲಿ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದ ಮೇಲೆ ಮೂಳೆಯ ಸವೆತ ಕಣ್ಣಿಗೆ ಬಿತ್ತು. 1971ರಲ್ಲಿ ಶಾರ್ಪ್ ಕೈಯ ಕೀಲುಗಳ ಸವೆತಕ್ಕೂ ಕಿರಿದಾಗುವ ಅಂತರಕ್ಕೂ ಅಂಕ ಕೊಡುವ ಕ್ರಮ ರೂಪಿಸಿದ. 1989ರಲ್ಲಿ ವಾನ್ ಡರ್ ಹೈಡೆ ಅದಕ್ಕೆ ಪಾದಗಳನ್ನೂ ಸೇರಿಸಿದರು. ಆದರೆ ಎಕ್ಸ್-ರೇ ಹೇಳುವುದು ಆಗಿಹೋದ ಹಾನಿಯನ್ನು. ಆಗಲಿರುವುದರ ಸುಳಿವು ದೊರೆತದ್ದು ರಕ್ತದಲ್ಲಿ. 1940ರಲ್ಲಿ ನಾರ್ವೆಯ ವಾಲರ್ ರುಮಟಾಯ್ಡ್ ಫ್ಯಾಕ್ಟರ್ ಬಗ್ಗೆ ಪ್ರಕಟಿಸಿದ. 1998ರ ಹೊತ್ತಿಗೆ ಆ್ಯಂಟಿ-ಸಿಸಿಪಿ ಪರೀಕ್ಷೆಯ ದಾರಿ ತೆರೆಯಿತು. ಕೂಡಿಟ್ಟ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ, ಕೆಲವರಲ್ಲಿ ನೋವು ಕಾಣಿಸುವುದಕ್ಕೆ ವರ್ಷಗಳ ಮೊದಲೇ ಈ ಪ್ರತಿಕಾಯಗಳಿದ್ದವು.

ಮುನ್ಸೂಚನೆ ತಿಳಿದೂ ಮಾಡಲು ಏನೂ ಇಲ್ಲದಿದ್ದರೆ ಅದು ಬರಿಯ ಭಯ. ಇಲ್ಲಿಗೆ ಈ ನಾಡಿನ ಮಗನೊಬ್ಬನ ಕಥೆ ಬಂದು ಸೇರುತ್ತದೆ. ಎಕ್ಸ್-ರೇ ಹುಟ್ಟಿದ 1895ರಲ್ಲೇ ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್, ಮದರಾಸಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದರು. ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಸಂಶ್ಲೇಷಿಸಿತು. ಅದನ್ನು ತಡೆಯುವ ಅಮಿನೊಪ್ಟೆರಿನ್, ಮೆಥೊಟ್ರೆಕ್ಸೇಟ್ ಅಲ್ಲಿಂದಲೇ ಬಂದವು. ಅವು ಲ್ಯುಕೇಮಿಯಾಕ್ಕೆಂದು ಬಳಕೆಗೆ ಬಂದ ಮದ್ದುಗಳು. 1948ರಲ್ಲಿ ಸುಬ್ಬರಾವ್ ತೀರಿಕೊಂಡರು. 1951ರಲ್ಲಿ ಗಬ್ನರ್ ಅಮಿನೊಪ್ಟೆರಿನ್ ಅನ್ನು ಸಂಧಿವಾತಕ್ಕೆ ಪ್ರಯೋಗಿಸಿದ. 1988ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಮೆಥೊಟ್ರೆಕ್ಸೇಟ್‌ಗೆ ಈ ರೋಗದಲ್ಲಿ ಒಪ್ಪಿಗೆಯಿತ್ತರು. ಇಂದು ಚಿಕಿತ್ಸೆಯ ಆಧಾರಸ್ತಂಭ ಅದೇ.

ಯಾವ ಒಂದು ಪರೀಕ್ಷೆಯೂ ಪೂರ್ಣ ಉತ್ತರ ಕೊಡದು. ಪ್ರತಿಕಾಯಗಳು, ಉರಿಯೂತದ ಮಟ್ಟ, ಊದಿದ ಕೀಲುಗಳ ಸಂಖ್ಯೆ, ಆರಂಭದಲ್ಲೇ ಕಂಡ ಸವೆತ, ಧೂಮಪಾನ, ಇವನ್ನೆಲ್ಲ ಕೂಡಿಸಿ ವೈದ್ಯರು ಹೇಳುವುದು ಸಂಭವನೀಯತೆಯನ್ನು ಮಾತ್ರ. ಆದರೆ ಜಾತಕಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ: ಜಾತಕ ನಿಜವಾಗಲೆಂದು ಕಾಯುತ್ತೇವೆ, ಈ ಭವಿಷ್ಯವನ್ನು ಹೇಳುವುದು ಬೇಗ ಮದ್ದು ಕೊಟ್ಟು ಅದನ್ನು ಸುಳ್ಳಾಗಿಸಲೆಂದು.