ಮೊದಲ ಹತ್ತು ನಂಬರು

ರಾಣೆಬೆನ್ನೂರು ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕೊಡಿಸಿದ 'ಕೃಷ್ಣ' ನನ್ನ ಮೊದಲ ಚಿತ್ರಪುಸ್ತಕ. ಅಮರ ಚಿತ್ರಕಥೆಯ ಇಂಗ್ಲಿಷ್ ಪಟ್ಟೀಲಿ ಅದರ ನಂಬರ್ 11. ಹಂಗಾದ್ರೆ ಮೊದಲಿನ ಹತ್ತು ಎಲ್ಲಿ ಹೋದವು?

1965ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಈ ಮಾಲೆ ಶುರು ಮಾಡಿದ್ದೇ ಕನ್ನಡದಲ್ಲಿ. ಸಿಂಡ್ರೆಲಾ ಥರದ ಪರದೇಶದ ಕಥೆಗಳು. ಆ ಹತ್ತು ನಂಬರು ಅವುಗಳದ್ದು. ಅವು ಚೆನ್ನಾಗಿ ಓಡಿದ ಮೇಲೇ ಕಾರ್ಕಳದ ಅನಂತ ಪೈ ನಮ್ಮ ಪುರಾಣ, ಚರಿತ್ರೆ ಹಿಡಿದು ಇಂಗ್ಲಿಷಿನಲ್ಲಿ ಮಾಲೆ ಬೆಳೆಸಿದ್ದು. 'ಅಂಕಲ್ ಪೈ' ಮನೆಮಾತಾದರು. ಅನಂತರಾಮ್ ಹೆಸರು ಹಿಂದೆ ಉಳೀತು.

ಈಗ ಮಗಳಿಗೆ ಪುಸ್ತಕ ತರಲು ಹೋದರೆ 'ಕನ್ನಡದ್ದು ಓಡಲ್ಲ ಸರ್' ಅಂತಾರೆ. ಓಡಿತ್ತು, ಮೊದಲು ಓಡಿದ್ದೇ ಅದು.