ನಾನಾವತಿ ಪ್ರಕರಣದಿಂದಲೇ ಭಾರತದಲ್ಲಿ ಜ್ಯೂರಿ ಪದ್ಧತಿ ರದ್ದಾಯಿತೇ?

‘ನೌಕಾಪಡೆಯ ಅಧಿಕಾರಿಯೊಬ್ಬ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ. ಜ್ಯೂರಿ ಅವನನ್ನು ಬಿಟ್ಟುಬಿಟ್ಟಿತು. ಸರ್ಕಾರ ಸಿಟ್ಟಾಗಿ ಜ್ಯೂರಿಯನ್ನೇ ರದ್ದು ಮಾಡಿತು. ಅದೇ ದೇಶದ ಕೊನೆಯ ಜ್ಯೂರಿ ವಿಚಾರಣೆ.’ ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ‘ರುಸ್ತುಂ’ ಸಿನಿಮಾಕ್ಕೆ ಪ್ರೇರಣೆಯಾದ ಈ ಪ್ರಕರಣ ನಿಜ. ಆದರೆ ಸಂದೇಶದ ಉಳಿದ ಭಾಗ ದಿನಾಂಕಗಳಿಗೆ ಹೊಂದುವುದಿಲ್ಲ.

ಜ್ಯೂರಿ ಎಂದರೇನು?

ಕಾನೂನು ಓದದ ಸಾಮಾನ್ಯ ಜನರ ಒಂದು ಗುಂಪು ಸಾಕ್ಷ್ಯ ಕೇಳಿ, ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಪದ್ಧತಿ ಇದು. ಕಾನೂನು ಏನೆಂದು ಜ್ಯೂರಿಗೆ ವಿವರಿಸುವುದು ನ್ಯಾಯಾಧೀಶರ ಕೆಲಸ. ಶಿಕ್ಷೆ ವಿಧಿಸುವುದೂ ಸಾಮಾನ್ಯವಾಗಿ ಅವರೇ. ಪೊಲೀಸರು ಪಂಚನಾಮೆಗೆ ಕರೆಯುವ ಪಂಚರು ಜ್ಯೂರಿ ಅಲ್ಲ. ಅವರು ಸಾಕ್ಷಿಗಳು ಮಾತ್ರ.

ಇದು ಎಲ್ಲಿಂದ ಬಂತು?

ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ 1166ರಲ್ಲಿ ಒಂದು ಆದೇಶ ಹೊರಡಿಸಿದ. ಪ್ರತಿ ಪ್ರದೇಶದ 12 ಜನ ಪ್ರಮಾಣ ಮಾಡಿ, ತಮ್ಮಲ್ಲಿ ಯಾರ ಮೇಲೆ ಅಪರಾಧದ ಶಂಕೆ ಇದೆ ಎಂದು ಹೇಳಬೇಕಿತ್ತು. ಆದರೆ ತಪ್ಪು ಯಾರದ್ದೆಂದು ತೀರ್ಮಾನಿಸಲು ದೇವರ ಮೊರೆ ಹೋಗುತ್ತಿದ್ದರು: ಕಾದ ಕಬ್ಬಿಣ ಹಿಡಿಸುವುದು, ನೀರಿಗೆ ಇಳಿಸುವುದು. ನಮ್ಮಲ್ಲೂ ಇಂಥ ಪರೀಕ್ಷೆಗಳಿದ್ದವು, ಅವಕ್ಕೆ ‘ದಿವ್ಯ’ ಎನ್ನುತ್ತಿದ್ದರು. 1215ರಲ್ಲಿ ಕ್ರೈಸ್ತ ಧರ್ಮಸಭೆ ಇಂಥ ಪರೀಕ್ಷೆಗಳಲ್ಲಿ ಪಾದ್ರಿಗಳು ಭಾಗವಹಿಸುವುದನ್ನು ನಿಷೇಧಿಸಿತು. ಪಾದ್ರಿ ಇಲ್ಲದೆ ಪರೀಕ್ಷೆ ನಡೆಯದು. ಆ ಜಾಗಕ್ಕೆ ಇಂಗ್ಲೆಂಡಿನಲ್ಲಿ ನೆರೆಹೊರೆಯವರ ತೀರ್ಪು ಬಂತು.

ಆಗಲೂ ಜ್ಯೂರಿ ಸ್ವತಂತ್ರವಾಗಿರಲಿಲ್ಲ. 1670ರಲ್ಲಿ ಲಂಡನ್ನಿನ ಬೀದಿಯಲ್ಲಿ ಧರ್ಮೋಪದೇಶ ಮಾಡಿದ ಪ್ರಕರಣದಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅವರನ್ನು ಶಿಕ್ಷಿಸಲು ಜ್ಯೂರಿ ಒಪ್ಪಲಿಲ್ಲ. ನ್ಯಾಯಾಲಯ ಜ್ಯೂರಿ ಸದಸ್ಯರನ್ನು ಅನ್ನ ನೀರಿಲ್ಲದೆ ಕೂಡಿಹಾಕಿತು, ದಂಡ ಹಾಕಿತು. ದಂಡ ಕಟ್ಟಲು ಒಪ್ಪದೆ ಜೈಲು ಸೇರಿದ ಎಡ್ವರ್ಡ್ ಬುಶೆಲ್ ಪ್ರಕರಣದಲ್ಲಿ, ತೀರ್ಪು ಕೊಟ್ಟದ್ದಕ್ಕಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂಬ ತತ್ವ ನೆಲೆಗೊಂಡಿತು.

ಭಾರತದಲ್ಲಿ ‘ಜನರ ನ್ಯಾಯಾಲಯ’ ಆಗಿತ್ತೇ?

ಈಸ್ಟ್ ಇಂಡಿಯಾ ಕಂಪನಿಯ ಜತೆ ಜ್ಯೂರಿಯೂ ಇಲ್ಲಿಗೆ ಬಂತು. ಆದರೆ ಜ್ಯೂರಿಯಲ್ಲಿ ಯಾರು ಕೂರುತ್ತಿದ್ದರು ಎಂಬುದೇ ಮುಖ್ಯ. 1908ರಲ್ಲಿ ಬಾಳ ಗಂಗಾಧರ ತಿಲಕರ ಮೇಲಿನ ರಾಜದ್ರೋಹದ ವಿಚಾರಣೆ ಬಾಂಬೆ ಹೈಕೋರ್ಟಿನಲ್ಲಿ ನಡೆಯಿತು. ಒಂಬತ್ತು ಜನರ ಜ್ಯೂರಿಯಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ತಿಲಕರು ಬರೆದದ್ದು ಮರಾಠಿಯಲ್ಲಿ. 7–2 ಮತಗಳಿಂದ ಅವರು ತಪ್ಪಿತಸ್ಥರೆಂದು ತೀರ್ಮಾನವಾಗಿ, ಆರು ವರ್ಷಗಳ ಶಿಕ್ಷೆಗೆ ಮಂಡಾಲೆಗೆ ಕಳುಹಿಸಲಾಯಿತು.

ಇನ್ನೊಂದು ವಿಷಯ: 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸೆಷನ್ಸ್ ನ್ಯಾಯಾಲಯಗಳಲ್ಲಿ ಯಾವ ಜಿಲ್ಲೆಗೆ, ಯಾವ ಅಪರಾಧಗಳಿಗೆ ಜ್ಯೂರಿ ಬೇಕೆಂದು ನಿರ್ಧರಿಸುವುದು ಸರ್ಕಾರವಾಗಿತ್ತು. ಅಂದರೆ ಜ್ಯೂರಿ ಎಲ್ಲ ಭಾರತೀಯರ ಹಕ್ಕು ಎಂದೂ ಆಗಿರಲಿಲ್ಲ.

ನಾನಾವತಿ ಪ್ರಕರಣದಲ್ಲಿ ನಡೆದದ್ದೇನು?

ಕಮಾಂಡರ್ ಕೆ.ಎಂ. ನಾನಾವತಿ 1959ರ ಏಪ್ರಿಲ್ 27ರಂದು ಮುಂಬೈನಲ್ಲಿ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದರು. ‘ಬ್ಲಿಟ್ಜ್’ ವಾರಪತ್ರಿಕೆ ನಾನಾವತಿ ಪರ ಬಹಿರಂಗವಾಗಿ ನಿಂತಿತು. ಜ್ಯೂರಿ 8–1ರಿಂದ ನಿರ್ದೋಷಿ ಎಂದಿತು. ಆದರೆ ಇದನ್ನು ಒಪ್ಪದ ಸೆಷನ್ಸ್ ನ್ಯಾಯಾಧೀಶರು ಪ್ರಕರಣವನ್ನು ಹೈಕೋರ್ಟಿಗೆ ಕಳುಹಿಸಿದರು. ಅದಕ್ಕೆ ಕಾನೂನಿನಲ್ಲೇ ಅವಕಾಶವಿತ್ತು. ನ್ಯಾಯಾಧೀಶರು ಜ್ಯೂರಿಗೆ ಕೊಟ್ಟ ವಿವರಣೆಯಲ್ಲೇ ದೋಷಗಳಿದ್ದವು ಎಂದು ಹೈಕೋರ್ಟ್ ಕಂಡುಕೊಂಡಿತು. 1960ರಲ್ಲಿ ಅದು ಕೊಲೆ ಅಪರಾಧಕ್ಕೆ ಜೀವಾವಧಿ ಶಿಕ್ಷೆ ವಿಧಿಸಿತು. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಳಿಕ ಮಹಾರಾಷ್ಟ್ರದ ರಾಜ್ಯಪಾಲರು ಕ್ಷಮಾದಾನ ನೀಡಿದರು.

ಹಾಗಾದರೆ ರದ್ದಾದದ್ದು ಯಾವಾಗ?

ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜ್ಯೂರಿ ಪದ್ಧತಿ ಕೈಬಿಡಬೇಕೆಂದು ಶಿಫಾರಸು ಮಾಡಿದ್ದು 1958ರಲ್ಲಿ. ನಾನಾವತಿ ಗುಂಡು ಹಾರಿಸಿದ್ದು ಅದರ ಮರುವರ್ಷ! ಪ್ರಕರಣದ ನಂತರವೂ ಕೋಲ್ಕತ್ತದಂಥ ಕಡೆ ಜ್ಯೂರಿ ವಿಚಾರಣೆಗಳು ನಡೆದವು. ಪೂರ್ತಿ ತೆರೆ ಬಿದ್ದದ್ದು 1974ರ ಏಪ್ರಿಲ್ 1ರಂದು. ಅಂದು ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಈ ಪ್ರಕರಣ ಜ್ಯೂರಿಯ ದೌರ್ಬಲ್ಯವನ್ನು ಜನರ ಕಣ್ಣಿಗೆ ಕಾಣಿಸಿತು ಎನ್ನಬಹುದು. ಅದೊಂದೇ ಕಾರಣ ಎನ್ನಲಾಗದು.

ಜ್ಯೂರಿಯ ನೆರಳು ಇಂದಿಗೂ ಒಂದು ಕಡೆ ಉಳಿದಿದೆ. 1936ರ ಪಾರ್ಸಿ ವಿವಾಹ ಮತ್ತು ವಿಚ್ಛೇದನ ಕಾಯ್ದೆಯಡಿ ನ್ಯಾಯಾಧೀಶರ ಜತೆ ಆ ಸಮುದಾಯದ ಪ್ರತಿನಿಧಿಗಳೂ ಕೂರಲು ಅವಕಾಶವಿದೆ.

ಫಾರ್ವರ್ಡ್ ಮಾಡುವ ಮುನ್ನ

ದೊಡ್ಡ ಪ್ರಕರಣವೊಂದು ಸುದ್ದಿಯಾದಾಗ ‘ಜನರ ಕೈಗೆ ಕೊಡಿ, ತೀರ್ಪು ನಾವೇ ಕೊಡುತ್ತೇವೆ’ ಎಂಬ ಸಂದೇಶಗಳು ಓಡಾಡುತ್ತವೆ. ಜ್ಯೂರಿ ಎಂದರೆ ಅದಲ್ಲ. ಪ್ರಮಾಣ ಮಾಡಿ ಕೂತು, ಎರಡೂ ಕಡೆಯ ಸಾಕ್ಷ್ಯವನ್ನು ಪೂರ್ತಿ ಕೇಳಿ, ಆಮೇಲಷ್ಟೇ ಬಾಯಿ ತೆರೆಯುವ ಹೊಣೆ ಅದು. ಫೋನಿಗೆ ಬಂದ ಒಂದು ಫೋಟೊ, ನಾಲ್ಕು ಸಾಲು ನೋಡಿ ಯಾರನ್ನೂ ಅಪರಾಧಿ ಎನ್ನುವ ಅಧಿಕಾರ ಜ್ಯೂರಿಗೂ ಇರಲಿಲ್ಲ.

ತೀರ್ಮಾನ: ‘ನಾನಾವತಿ ಪ್ರಕರಣವೇ ಕೊನೆಯ ಜ್ಯೂರಿ ವಿಚಾರಣೆ, ಅದರಿಂದಲೇ ಪದ್ಧತಿ ರದ್ದಾಯಿತು’ ಎಂಬ ಸಂದೇಶ ತಪ್ಪು.